ಬೈಸಿಕೊಳ್ಳುವ ದೇವರು

ಹೈದರಾಬಾದಿನ ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ಊರಿಂದ ಅವ್ವ ಫೋನ್ ಮಾಡಿದಳು. "ನಾಳೆ ದೇವ್ರು ಕುಂದ್ರತಾವ. ನೀ ಬರ್ತಿಯೋ ಇಲ್ಲೋ?" ರಜೆ ಸಿಕ್ಕಿಲ್ಲ ಅಂದೆ. ಪಕ್ಕದಲ್ಲಿದ್ದ ಇಬ್ಬರು ಯಾವ ದೇವರು ಅಂತ ಕೇಳಿದರು. ಮೊಹರಂನಲ್ಲಿ ಕೂಡಿಸುವ ಅಲಾಯಿ ದೇವರು, ಅಂದರೆ ಕೋಲಿನ ತುದಿಗೆ ಕಟ್ಟಿದ ಲೋಹದ ಅಲಂ ಅಂತ ಹೇಳಿದೆ. ಹಳೇ ಪಟ್ಟಣದ ಗೆಳೆಯ ನಕ್ಕ. "ಅಲಂ ದೇವರು ಹೇಗಾಗುತ್ತೆ ಭಾಯಿ? ದೇವರು ಒಬ್ಬನೇ. ಅದು ಪ್ರವಾದಿಯವರ ಮೊಮ್ಮಗ ಹುಸೇನರ ನಿಶಾನೆ ಅಷ್ಟೇ." ಇನ್ನೊಬ್ಬ ಪ್ರತಿ ಶನಿವಾರ ಉಪವಾಸ ಮಾಡುವವನು. ಅವನು ನಗಲೂ ಇಲ್ಲ. "ಅದು ನಮ್ಮ ದೇವರೇ ಅಲ್ಲವಲ್ಲ, ನೀನ್ಯಾಕೆ ಕೈ ಮುಗೀತೀಯ?" ಅಂದ. ಬೇರೆ ಯಾವ ವಿಷಯಕ್ಕೂ ಒಂದಾಗದ ಈ ಇಬ್ಬರು ನಮ್ಮೂರ ದೇವರನ್ನು ಫೇಲ್ ಮಾಡೋದಕ್ಕೆ ಮಾತ್ರ ಒಂದಾದರು. ಅವತ್ತು ಊಟ ರುಚಿಸಲಿಲ್ಲ.

ನಮ್ಮೂರು ಇರುವುದು ರಾಯಚೂರು ಜಿಲ್ಲೆಯಲ್ಲಿ, ಮುದಗಲ್ಲಿನ ಹತ್ತಿರ. ಮೊಹರಂ ಅಂದರೆ ಮುದಗಲ್ಲಿನದೇ ದೊಡ್ಡ ಹೆಸರು, ನಿಜ. ಆದರೆ ಸುತ್ತಲಿನ ಹಳ್ಳಿಗಳಿಗೆ ಅವರವರದೇ ಅಲಾಯಿ ಕುಣಿ, ಹಬ್ಬಕ್ಕೆ ಬೆಂಕಿ ಹಾಕುವ ಗುಂಡಿ, ಇದೆ. ಒಂದೂ ಸಾಬರ ಮನೆ ಇಲ್ಲದ ಊರಲ್ಲೂ ದೇವರು ಕೂಡುತ್ತವೆ. ಆ ಕುಣಿ ತೋಡೋಕೆ ಗುದ್ದಲಿ ಹಾಕಿದ ಮೇಲೆ ಊರಿನ ಕಳೆಯೇ ಬೇರೆ. ಪೆಟ್ಟಿಗೆಯಿಂದ ಪಂಜಾ, ಅಂದರೆ ಕೈಯಾಕಾರದ ಅಲಂ, ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಹುಡುಗರು ಮುಖ ಕಾಣುತ್ತಾ ಅಂತ ಬಗ್ಗಿ ನೋಡುತ್ತಿದ್ದೆವು. ದೇವರ ಮುಂದೆ ಸಕ್ಕರೆ ಓದಿಸಿಕೊಂಡು ಬರೋದು ನನ್ನ ಕೆಲಸ. ದಾರಿಯಲ್ಲಿ ಅರ್ಧ ಖಾಲಿ.

ಒಂದು ಸಲ ಮೊಹರಂನ ಕತ್ತಲ ರಾತ್ರಿ, ಅಂದರೆ ಆಶೂರಾದ ಹಿಂದಿನ ರಾತ್ರಿ, ಕಂಡದ್ದನ್ನು ಹೇಳುತ್ತೇನೆ. ದೇವರು ಹೊತ್ತವನಿಗೆ ಮೈ ತುಂಬಿತ್ತು. ಹಲಗೆಯ ಸದ್ದಿಗೆ ಕಿವಿ ಕೇಳುತ್ತಿರಲಿಲ್ಲ. ಕೆಳಗಿನ ಕೇರಿಯ ಅಜ್ಜಿಯೊಬ್ಬಳು ಜನರನ್ನು ಸರಿಸಿಕೊಂಡು ಬಂದು, ಸೊಂಟಕ್ಕೆ ಕೈಯಿಟ್ಟು ಎದುರಿಗೇ ನಿಂತಳು. "ಹೋದ ವರ್ಷ ಮಳಿ ಕೊಡ್ತೀನಂದಿ. ತೊಗರಿ ಒಣಗಿ ಹೋತು. ಈಗ ಯಾವ ಮಾರಿ ಇಟ್ಕೊಂಡು ಬಂದೀಯೋ ಹುಸೇನಪ್ಪಾ?" ಹಲಗೆಯವರು ಬಾರಿಸೋದು ನಿಲ್ಲಿಸಿದರು. ಹೊತ್ತವನು ತಲೆ ತಗ್ಗಿಸಿ ಈ ಸಲ ತಪ್ಪಲ್ಲ ಅಂತೇನೋ ಗೊಣಗಿದ. "ಹೂಂ, ಅದನ್ನೂ ನೋಡ್ತೀನಿ" ಅಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ತಂದಿದ್ದ ದಸ್ತಿ ಬಟ್ಟೆ ದೇವರಿಗೆ ಕಟ್ಟಿ, ಊದಿನ ಬೂದಿ ಹಣೆಗೆ ಹಚ್ಚಿಕೊಂಡು ಹೋದಳು.

ನಮ್ಮ ಕಡೆ ದೇವರಾಗೋಕೆ ಬೇಕಾದ ಅರ್ಹತೆ ಇದೇ ಅಂತ ನನಗನ್ನಿಸುತ್ತದೆ. ಬೈಸಿಕೊಳ್ಳಬೇಕು. ಬೈಸಿಕೊಂಡು ಮರುವರ್ಷ ಮತ್ತೆ ಬರಬೇಕು. ಲೋಕ ಹುಟ್ಟಿಸಿದ್ದು ಅವನೇನಾ, ಯಾವ ಪುರಾಣದಲ್ಲಿ ಬರುತ್ತಾನೆ, ಯಾವ ಜಾತಿ, ಇದನ್ನೆಲ್ಲ ಕೇಳುವ ಪುರುಸೊತ್ತು ಯಾರಿಗಿದೆ? ಮಳೆ ಹೋದ ವರ್ಷ ಈಶ್ವರನ ಗುಡಿಯಲ್ಲಿ ನೀರು ತುಂಬಿಸಿ ಲಿಂಗ ಮುಳುಗಿಸುವ ಜನ ನಾವು. ಕೊಡದಿದ್ದರೆ ಅವನಿಗೂ ಸ್ವಲ್ಪ ಉಸಿರು ಕಟ್ಟಲಿ ಅಂತ.

ಆ ಅಜ್ಜಿ ಹನುಮಪ್ಪನ ಗುಡಿಯೊಳಗೆ ಹೋಗುವ ಹಾಗಿರಲಿಲ್ಲ. ಕಟ್ಟೆಯ ಕೆಳಗೇ ನಿಂತು ಕಾಯಿ ಕೊಟ್ಟು ಹೋಗಬೇಕಿತ್ತು. ಅಲಾಯಿ ದೇವರು ಹಾಗಲ್ಲ, ಅವಳ ಬಾಗಿಲಿಗೇ ಬರುತ್ತಿತ್ತು. ಒಂದೊಂದು ವರ್ಷ ಹೊರುತ್ತಿದ್ದವನು ಅವಳ ಮಗನೇ. ಹತ್ತಿರ ಬಂದವರನ್ನು ತಾನೇ ಬೈಯೋಕಾಗೋದು?

ಹೈದರಾಬಾದಿಗೆ ಬಂದ ಹೊಸದರಲ್ಲಿ ಆಶೂರಾ ದಿನ, ಮೊಹರಂನ ಹತ್ತನೇ ದಿನ, ದಬೀರ್‌ಪುರಾದ ಬೀಬಿ ಕಾ ಅಲಾವಾದಿಂದ ಆನೆಯ ಮೇಲೆ ಹೊರಡುವ ಅಲಂ ನೋಡೋಕೆ ಹೋಗಿದ್ದೆ. ಕುತುಬ್‌ಶಾಹಿ ಕಾಲದಿಂದ ಬಂದದ್ದು. ಹುಸೇನರ ತಾಯಿ ಬೀಬಿ ಫಾತಿಮಾ ತೀರಿಕೊಂಡಾಗ ಮೈ ತೊಳೆದ ಮರದ ಹಲಗೆಯ ಚೂರು ಅದರಲ್ಲಿದೆ ಅಂತ ನಂಬಿಕೆ. ಎಲ್ಲೆಲ್ಲೂ ಕಪ್ಪು ಬಟ್ಟೆ, ಎದೆ ಬಡಿದುಕೊಂಡು ಅಳುವ ಜನ. ನೋಡಿ ನನಗೂ ಗಂಟಲು ಕಟ್ಟಿತು. ಅಲ್ಲೂ ಹರಕೆ ಹೊರುತ್ತಾರೆ. ಆದರೆ ಎದುರಿಗೆ ನಿಂತು ಲೆಕ್ಕ ಕೇಳುವವರು ಕಾಣಲಿಲ್ಲ. ಆ ಅಲಂಗೆ ಒಂದು ಮೂಲ ಇದೆ, ಎಲ್ಲಿಂದ ಬಂತು ಅಂತ ಹೇಳೋಕೆ ಬರುತ್ತದೆ. ನಮ್ಮೂರ ಪಂಜಾ ಯಾವ ಸಂತೆಯಲ್ಲಿ ಕೊಂಡದ್ದೋ ಏನೋ. 1956ರ ತನಕ ರಾಯಚೂರೂ ಹೈದರಾಬಾದೂ ಒಂದೇ ರಾಜ್ಯ. ಹಬ್ಬವೂ ಒಂದೇ, ಸತ್ತವರೂ ಒಬ್ಬರೇ. ಆದರೂ ಇಷ್ಟು ದೂರ. ತೆಲಂಗಾಣದ ಹಳ್ಳಿಗಳ ಮೊಹರಂ, ಅವರು ಪೀರ್ಲ ಪಂಡುಗ ಅನ್ನೋದು, ನಮ್ಮ ಹಾಗೇ ಇರುತ್ತದೆ, ಹಾಗಾಗಿ ಇದು ಪಟ್ಟಣದ ಗುಣ ಅಂದುಕೊಳ್ಳಿ.

ಈ ಕಾಗದ ಪತ್ರದ ರೋಗ ಈಗ ನಮ್ಮ ಕಡೆಗೂ ಬಂದಿದೆ. 2021ರಲ್ಲಿ ತಿರುಮಲ ದೇವಸ್ಥಾನದ ಆಡಳಿತ ನೋಡುವ ಟಿಟಿಡಿಯವರು ಹನುಮಂತ ಹುಟ್ಟಿದ್ದು ತಿರುಮಲದ ಅಂಜನಾದ್ರಿಯಲ್ಲಿ ಅಂದರು. ಕೊಪ್ಪಳ ಜಿಲ್ಲೆಯವರು ಆನೆಗೊಂದಿ ಪಕ್ಕದ ನಮ್ಮ ಅಂಜನಾದ್ರಿಯೇ ನಿಜವಾದದ್ದು ಅಂತ ಎದ್ದು ನಿಂತರು. ಪುರಾಣ, ಶಾಸನ, ಪಂಡಿತರು, ಟಿವಿ, ಎಲ್ಲ ಆಯಿತು. ನನಗೂ ಆಗ ನಮ್ಮ ಕೊಪ್ಪಳವೇ ಗೆಲ್ಲಲಿ ಅಂತ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೂ 575 ಮೆಟ್ಟಿಲು ಹತ್ತಿ ಹೋಗುವವರು ಜನ್ಮದಾಖಲೆ ನೋಡೋಕೆ ಹೋಗ್ತಾರಾ? ಊರ ಅಗಸೆಯ, ಅಂದರೆ ಹೆಬ್ಬಾಗಿಲಿನ, ಹನುಮಪ್ಪನಿಗೆ ಈ ಕಾಟ ಇಲ್ಲ. ಅವನು ಎಲ್ಲೇ ಹುಟ್ಟಿರಲಿ, ಈಗ ಇರೋದು ಅಗಸೆಯಲ್ಲಿ.

ಆಮೇಲೊಂದು ದಿನ ಇರಾನಿ ಚಹಾ ಕುಡಿಯುತ್ತಾ ಹಳೇ ಪಟ್ಟಣದ ಗೆಳೆಯ ಮತ್ತೆ ಆ ಮಾತು ತೆಗೆದ. ಈ ಸಲ ನಗಲಿಲ್ಲ. "680ರಲ್ಲಿ ಹುಸೇನರು ಕರ್ಬಲಾದಲ್ಲಿ ನೀರಿಲ್ಲದೆ ನಿಂತರು. ಮಕ್ಕಳಿಗೂ ನೀರಿರಲಿಲ್ಲ. ನದಿ ಪಕ್ಕದಲ್ಲೇ ಇತ್ತು. ದೇವರಿಗೆ ಎಲ್ಲಿಯ ಬಾಯಾರಿಕೆ? ಅವರನ್ನು ದೇವರು ಮಾಡಿಬಿಟ್ಟರೆ ಆ ಮನುಷ್ಯ ತಾಳಿಕೊಂಡದ್ದಕ್ಕೆ ಬೆಲೆ ಏನು?" ಮೊಹರಂನಲ್ಲಿ ಹಾಡುವ ನಮ್ಮೂರ ರಿವಾಯತ್ ಪದಗಳಲ್ಲೂ ಅದೇ ಕಥೆ, ಹೆಂಗಸರು ಅಳೋದೂ ಅದಕ್ಕೇ ಅಂದೆ. "ಗೊತ್ತಿದ್ದೂ ದೇವರು ಅಂತೀರಾ?" ಅಂದ. ಹೌದು, ಗೊತ್ತಿದ್ದೂ ಅಂತೀವಿ. ಉತ್ತರ ಅಷ್ಟೇ ನನ್ನ ಹತ್ತಿರ ಇದ್ದದ್ದು, ಅದು ಸಾಲದು ಅಂತ ನನಗೂ ಗೊತ್ತು. ಮಡಕೆ, ಮೊರ, ಬೀದಿಯ ಕಲ್ಲು ಎಲ್ಲವನ್ನೂ ದೈವ ಅಂದರೆ ಕಾಲಿಡೋಕೂ ಜಾಗ ಇಲ್ಲ ಅಂತ ಹಂಗಿಸಿದ ಬಸವಣ್ಣನೂ ಅವನ ಕಡೆಗೇ ಸೇರುತ್ತಾನೆ.

ಇನ್ನೊಂದು ವಿಷಯ ಇದೆ, ಹೇಳೋಕೆ ಮನಸ್ಸಿಲ್ಲ. ಯಾರನ್ನೂ ಪರೀಕ್ಷೆ ಮಾಡದೆ ದೇವರು ಅಂತ ಒಪ್ಪುವ ಕಡೆ, ದೇವರು ಕೇಳಿದ ಅಂತ ಯಾರು ಏನು ಹೇಳಿದರೂ ನಡೆದುಬಿಡುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಅದೇ ಕೆಳಗಿನ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ್ದು, ದೇವದಾಸಿ ಬಿಟ್ಟದ್ದು, ಹೀಗೇ. ಕೂದಲು ಗಂಟುಕಟ್ಟಿ ಜಡೆ ಬಂತು ಅಂತ, ಹರಕೆ ಇತ್ತು ಅಂತ. 1982ರಲ್ಲಿ ಕಾಯ್ದೆ ಮಾಡಿದರು, ಆಮೇಲೂ ಕದ್ದುಮುಚ್ಚಿ ನಡೆಯಿತು. ಮುತ್ತು ಕಟ್ಟುವ ದಿನ ಆ ಹುಡುಗಿ ಸೊಂಟಕ್ಕೆ ಕೈಯಿಟ್ಟು ಎದುರು ನಿಂತು ಬೈದಿದ್ದರೆ ಯಾರೂ ಹಲಗೆ ನಿಲ್ಲಿಸುತ್ತಿರಲಿಲ್ಲ.