ಬದನಿಕೆ ನೆಡುವ ಹಕ್ಕಿ

ಕೊಡಗಿನ ತೋಟದ ಹಕ್ಕಿ ಅಂದರೆ ಎಲ್ಲರಿಗೂ ಮಂಗಟ್ಟೆಯೇ ಬೇಕು. ಅಷ್ಟು ದೊಡ್ಡ ಕೊಕ್ಕು, ಫೋಟೋಗೂ ಚಂದ. ಬದನಿಕೆ ಹಕ್ಕಿಯನ್ನು ಕೇಳುವವರೇ ಇಲ್ಲ. ಉದ್ದ ಸುಮಾರು 8 ಸೆಂಟಿಮೀಟರ್, ಮೈಯೆಲ್ಲ ಮಂಕು ಬಣ್ಣ, ಮೋಟು ಬಾಲ. ಮರದ ತುದಿಯಲ್ಲಿ ಕತ್ತರಿ ಆಡಿಸಿದ ಹಾಗೆ ‘ಚಿಕ್ ಚಿಕ್’ ಅನ್ನುತ್ತದೆ. ನಾವು ತಲೆ ಎತ್ತುವಷ್ಟರಲ್ಲಿ ಪಕ್ಕದ ಮರಕ್ಕೆ ಹೋಗಿರುತ್ತದೆ.

ಆದರೆ ತೋಟದವರ ತಲೆನೋವಿನಲ್ಲಿ ಇದರ ಪಾಲು ಜಾಸ್ತಿ. ಮಾವು, ಹಲಸಿನ ಕೊಂಬೆಗೆ ಬದನಿಕೆ ಅನ್ನುವ ಪರಾವಲಂಬಿ ಗಿಡ ಹತ್ತಿದರೆ ಗೊತ್ತಲ್ಲ, ಮರದ ನೀರನ್ನೇ ಹೀರಿ ಬೆಳೆಯುತ್ತದೆ. ಮರಗಸಿಗೆ, ಅಂದರೆ ತೋಟದ ಮರಗಳ ಕೊಂಬೆ ಸವರುವ ಕೆಲಸಕ್ಕೆ ಬರುವವರು ಅದನ್ನೂ ಕತ್ತರಿಸಿ ಹಾಕುತ್ತಾರೆ. ಹೋದ ಸಲ ಒಬ್ಬರು ಮರದ ಮೇಲಿಂದಲೇ ಕೂಗಿದರು: “ಕಡಿದಷ್ಟೂ ಬರ್ತದೆ ಅಣ್ಣ, ಯಾರು ನೆಡ್ತಾರೋ ಇದನ್ನ!”

ನೆಡುವವರು ಅಲ್ಲೇ ‘ಚಿಕ್ ಚಿಕ್’ ಅನ್ನುತ್ತಿದ್ದರು. ಬದನಿಕೆ ಹಣ್ಣಿನ ಬೀಜಕ್ಕೆ ಒಳ್ಳೆ ಅಂಟು. ಹಣ್ಣು ನುಂಗಿದ ಸ್ವಲ್ಪ ಹೊತ್ತಿಗೆ ಬೀಜ ಹೊರಗೆ ಬರುತ್ತದೆ, ಆದರೆ ಸುಲಭಕ್ಕೆ ಉದುರುವುದಿಲ್ಲ. ಹಕ್ಕಿ ಹಿಂಭಾಗವನ್ನು ಕೊಂಬೆಗೆ ತಿಕ್ಕಿ ಒರೆಸಿಕೊಳ್ಳಬೇಕು. ಒರೆಸಿದ ಬೀಜ ಅಲ್ಲೇ ಮೊಳೆತು ತೊಗಟೆಯೊಳಗೆ ಇಳಿಯುತ್ತದೆ. ನೆಲಕ್ಕೆ ಬಿದ್ದ ಬೀಜದ ಕಥೆ ಅಲ್ಲಿಗೆ ಮುಗಿಯಿತು. ನಾವು ಕಾಫಿ ಗಿಡಕ್ಕೆ ಗುಂಡಿ ತೋಡಿ, ಗೊಬ್ಬರ ಹಾಕಿ, ಮಳೆಗೆ ಕಾಯುತ್ತೇವೆ. ಇದಕ್ಕೆ ಅದ್ಯಾವುದೂ ಬೇಡ.

ಹೂವಿನ ವಿಷಯ ಇನ್ನೂ ತಮಾಷೆ. ಕೆಲವು ಜಾತಿಯ ಬದನಿಕೆಯ ಮೊಗ್ಗು ತಾನಾಗಿ ಅರಳುವುದಿಲ್ಲ. ಹಕ್ಕಿ ಬಂದು ಕೊಕ್ಕಿನಲ್ಲಿ ಹಿಚುಕಬೇಕು, ಆಗ ಪಟ್ಟನೆ ಬಿರಿದು ಪರಾಗ ಹಕ್ಕಿಯ ಮುಖಕ್ಕೇ ಸಿಡಿಯುತ್ತದೆ. ನೀಲಗಿರಿಯಲ್ಲಿ ಇದನ್ನು ಅಧ್ಯಯನ ಮಾಡಿದ ವಿಜ್ಞಾನಿ ಪ್ರಿಯಾ ದಾವಿದಾರ್, ಇಂಥ ಕೆಲವು ಬದನಿಕೆಗಳಲ್ಲಿ ಹೂವೂ ಹಣ್ಣೂ ನೋಡಲು ಒಂದೇ ಥರ ಇರುವುದನ್ನು 1983ರಲ್ಲಿ ಬರೆದರು. ಹಣ್ಣಿಗೆ ಬಂದ ಹಕ್ಕಿಗೆ ಹೂವಿನ ಕೆಲಸವನ್ನೂ ಕೊಟ್ಟು ಕಳಿಸುವ ಉಪಾಯ ಇರಬೇಕು. ಸಂಬಳ ಇಲ್ಲದ ಆಳು, ಅಲ್ವಾ?

ಡೈಸಿಯಮ್ ಅನ್ನುವ ಈ ಕುಲದ ಹಕ್ಕಿಗಳು ಭಾರತದಿಂದ ಆಸ್ಟ್ರೇಲಿಯಾದ ತನಕ ಹರಡಿವೆ. ಅಲ್ಲಿಯ ಜಾತಿಯಲ್ಲಿ ಗಂಡಿಗೆ ಎದೆ ಕೆಂಪು. ಬಂಗಾಳದ ಕಡೆ ಬೆನ್ನು ಕೆಂಪಾಗಿರುವುದೂ ಉಂಟು. ನಮ್ಮ ಪಾಲಿಗೆ ಮಾತ್ರ ಬಣ್ಣ ಮುಗಿದುಹೋಗಿತ್ತು ಅನ್ನಿಸುತ್ತದೆ. ನಮ್ಮಲ್ಲಿ ಕೊಕ್ಕು ನಸುಗುಲಾಬಿಯಾದರೆ 1790ರಲ್ಲಿ ಪಕ್ಷಿತಜ್ಞ ಲೇಥಮ್ ಹೆಸರಿಟ್ಟ ಹಕ್ಕಿ. ಕೊಕ್ಕು ಕಪ್ಪಾಗಿದ್ದರೆ 1840ರಲ್ಲಿ ಇನ್ನೊಬ್ಬ ಪಕ್ಷಿತಜ್ಞ ಜೆರ್ಡನ್ ಹೆಸರಿಟ್ಟ ನೀಲಗಿರಿ ಬದನಿಕೆ ಹಕ್ಕಿ. ಇದು ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸಿನದು.

ಈ ವರ್ಷ ಮನೆ ಹಿಂದಿನ ಹಲಸಿನಲ್ಲಿ ಒಂದು ಬದನಿಕೆ ಪೊದೆ ಬಿಡಿ ಅಂತ ಹೇಳಿದ್ದೇನೆ. ಅದರ ಎಲೆ ತಿಂದು ಬೆಳೆಯುವ ಜೆಜೆಬೆಲ್ ಚಿಟ್ಟೆಗೂ ಆಯಿತು. ಬೀಜ ಬೇಲಿ ದಾಟಿ ಹೋಗುತ್ತದೆ, ನಿಜ. ಪಕ್ಕದ ತೋಟದ ಮಾವನವರಿಗೆ ಸದ್ಯಕ್ಕೆ ಹೇಳಿಲ್ಲ.