ಬೇಸ್‌ಮೆಂಟ್ ಗೋಡೆಗೆ ಒಳಗಿಂದ ಬಣ್ಣ ಬಳಿಯೋ ಮಹಾನುಭಾವರಿಗೆ

ಈಗಷ್ಟೇ ನೋಡ್ಕೊಂಡು ಬಂದೆ. ಬೆಂಗಳೂರಲ್ಲಿ 30-40 ಸೈಟಿನ ಮನೆ. ಬೇಸ್‌ಮೆಂಟಲ್ಲಿ ಗೋಡೆ-ನೆಲ ಸೇರೋ ಸಂದಿಯಿಂದ ನೀರು ಜಿನುಗ್ತಿದೆ, ಮೇಸ್ತ್ರಿ ಅದರ ಮೇಲೇ ವಾಟರ್‌ಪ್ರೂಫ್ ಬಣ್ಣ ಬಳೀತಿದಾನೆ. ಹಳೇ ಕೋಟು ಹಪ್ಪಳದ ಹಾಗೆ ಉಬ್ಬಿ, ಹಿಂದೆ ಬಿಳೀ ಉಪ್ಪು. ಅದನ್ನ ಕೆರೆದು ಅಲ್ಲೇ ಇನ್ನೊಂದು ಕೋಟು! ಹತ್ತು ವರ್ಷ ಗ್ಯಾರಂಟಿಯಂತೆ. ಬಾಯಲ್ಲಿ ತಾನೇ ಕೊಡೋದು, ಖರ್ಚೇನು.

ಸ್ವಾಮಿ, ಗೋಡೆ ಹಿಂದೆ 2 ಮೀಟರ್ ನೀರು ನಿಂತ್ರೆ ಬುಡದಲ್ಲಿ ಚದರ ಮೀಟರಿಗೆ ಹತ್ತಿರಹತ್ತಿರ 2 ಟನ್ ಒತ್ತಡ. ಹೊರಗೆ ಬಳಿದ ಕೋಟನ್ನ ಆ ನೀರೇ ಗೋಡೆಗೆ ಒತ್ತಿ ಹಿಡಿಯುತ್ತೆ. ಒಳಗೆ ಬಳಿದಿದ್ದನ್ನ ತಳ್ಳಿ ಕೀಳುತ್ತೆ.

'ಹಾಗಾದ್ರೆ ಹೊರಗಿಂದಲೇ ಮಾಡಿ' ಅಂತೀರಿ. ಸರಿ, ಅದನ್ನ ಮನೆ ಕಟ್ಟುವಾಗಲೇ ಮಾಡಬೇಕಿತ್ತು. ಈಗ ಪಕ್ಕದವರ ಪಾಯಕ್ಕಂಟಿ 10 ಅಡಿ ಅಗೀತೀನಿ ಅಂತ ನೀವೇ ಹೋಗಿ ಕೇಳಿ, ಕಾಫಿ ಕೊಡ್ತಾರೆ.

ಉಳಿದಿರೋದು ನೀರಿಗೆ ಒಳಗೇ ದಾರಿ ಮಾಡೋದು. ಮೊದಲು ನೆಲ ಯಾವುದು ನೋಡಿ. ರಾಫ್ಟ್ ಪಾಯವಾದ್ರೆ (ಅಂದ್ರೆ ಇಡೀ ಮನೆ ಹೊರೋ ಕಂಬಿ-ಕಾಂಕ್ರೀಟಿನ ಚಪ್ಪಡಿ) ಕಟರ್ ಮುಟ್ಟಿಸಲೇಬೇಡಿ, ಕಂಬಿ ತುಂಡಾದ್ರೆ ಕಟ್ಟಡಕ್ಕೇ ಕುತ್ತು. ಅಲ್ಲಿ ಮೇಲೆ ಸ್ಕ್ರೀಡ್ (ಗಾರೆ ಪದರ) ಹಾಕಿ, ಗೋಡೆ ಪಕ್ಕ ಕಾಲುವೆ ಬಿಡಿ, ಸಾಕು. ಬರೀ 4 ಇಂಚು ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟ್) ನೆಲವಾದ್ರೆ ಗೋಡೆ ಗುಂಟ ಒಂದಡಿ ಅಗಲ ಕತ್ತರಿಸಿ, ಒಂದಡಿ ಆಳ ಅಗೆಯಿರಿ. ಆದ್ರೆ ಫೂಟಿಂಗಿನ (ಗೋಡೆ ಹೊರೋ ಪಾಯದ) ತಳಕ್ಕಿಂತ ಕೆಳಗಿಳಿಬೇಡಿ, ಇಳಿದ್ರೆ ಅದರಡಿಯ ಮಣ್ಣು ಸಡಿಲ ಆಗುತ್ತೆ. ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯೋದು) ಹಾಸಿ, 2 ಇಂಚು 20 ಎಂಎಂ ಜಲ್ಲಿ, ಮೇಲೆ 4 ಇಂಚಿನ ತೂತಿನ ಪಿವಿಸಿ ಪೈಪು, 100 ಅಡಿಗೆ 1 ಅಡಿ ಇಳಿಜಾರು. ಜಲ್ಲಿ ತೊಳೆದೇ ಹಾಕಬೇಕು, ಇಲ್ಲದಿದ್ರೆ ಅದರ ಧೂಳೇ ಪೈಪಲ್ಲಿ ಕೆಸರಾಗಿ ಕೂರುತ್ತೆ. ತೂತು ಕೆಳಮುಖ ಇರಲಿ. 'ನೀರು ಮೇಲಿಂದ ತಾನೇ ಬೀಳೋದು ಸಾರ್' ಅಂತಾರೆ. ಇಲ್ಲಿ ಕೆಳಗಿಂದ ಏರುತ್ತಪ್ಪಾ! ಜಲ್ಲಿ ತುಂಬಿ, ಬಟ್ಟೆ ಮಡಚಿ, ಕಾಂಕ್ರೀಟ್ ಮುಚ್ಚಿ. ಮೂಲೆಗಳಲ್ಲಿ ಮಾತ್ರ ಮುಚ್ಚಳದ ಪೈಪು ನೆಲಮಟ್ಟಕ್ಕೆ ತನ್ನಿ, ಹೂಳು ತೊಳೆಯೋಕೆ.

ಗೋಡೆಗೆ ಡಿಂಪಲ್ ಶೀಟ್ (ಉಬ್ಬುಗಳಿರೋ ಪ್ಲಾಸ್ಟಿಕ್ ಹಾಳೆ) ಹೊಡೆದು ಬುಡವನ್ನ ಜಲ್ಲಿಗೆ ಇಳಿಸಿ. ಗೋಡೆ-ಶೀಟಿನ ನಡುವೆ ನೀರು ಇಳಿಯೋ ಸಂದಿಗೆ ನೀಟಾಗಿ ಗಾರೆ ತುಂಬೋ ಮೇಸ್ತ್ರಿ ಒಬ್ಬ ಇದ್ದೇ ಇರ್ತಾನೆ, ಎದುರಿಗೇ ನಿಂತ್ಕೊಳಿ. ತುಂಬಿದ್ರೆ ಇಷ್ಟೂ ದಂಡ. ಬಣ್ಣದ ಚಟ ಬಿಡಲ್ಲ ಅನ್ನೋರು ಶೀಟ್ ಮುಂದೆ ಬೋರ್ಡ್ ಕೂರಿಸಿ, ಅದಕ್ಕೆ ಬೇಕಾದಷ್ಟು ಬಳಿಯಿರಿ.

ಈ ಪೈಪಿನ ನೀರು ಬಂದು ಬೀಳೋಕೆ, ಕುಡಿಯೋ ನೀರಿನ ಸಂಪ್‌ನಿಂದ ದೂರದ ಮೂಲೆಯಲ್ಲಿ 2 ಅಡಿ ಅಗಲ, 3 ಅಡಿ ಆಳದ ಗುಂಡಿ (ರಾಫ್ಟಾದ್ರೆ ಇದನ್ನೂ ತೋಡಬೇಡಿ). ಅರ್ಧ ಎಚ್‌ಪಿ ಸಬ್‌ಮರ್ಸಿಬಲ್, ನೀರು ಏರಿದಾಗ ಅದನ್ನ ತಾನೇ ಆನ್ ಮಾಡೋ ಫ್ಲೋಟ್ ಸ್ವಿಚ್, ಡೆಲಿವರಿ ಪೈಪಿಗೆ ನೀರನ್ನ ವಾಪಸ್ ಬಿಡದ ವಾಲ್ವ್ ಅಂದ್ರೆ ಎನ್‌ಆರ್‌ವಿ. ಇದಿಲ್ಲದಿದ್ರೆ ಎತ್ತಿದ ನೀರೇ ವಾಪಸ್ ಇಳಿದು ಪಂಪು ಸುಮ್ಮನೆ ಆನ್-ಆಫ್ ಆಗ್ತಿರುತ್ತೆ. ನೀರನ್ನ ಮಳೆನೀರಿನ ಚರಂಡಿಗೇ ಬಿಡಿ. ಮನೆ ಪಕ್ಕದ ಇಂಗುಗುಂಡಿಗೆ ಬಿಟ್ರೆ ಸುತ್ತಿ ಅಲ್ಲಿಗೇ ಬರುತ್ತೆ. ಜೋರು ಮಳೆಗೆ ಕರೆಂಟು ಹೋಗುತ್ತಲ್ಲ, ಆಗ ಫ್ಯಾನು-ಲೈಟಿನ ಸಣ್ಣ ಇನ್ವರ್ಟರ್ ಸಾಲಲ್ಲ, ಸ್ಟಾರ್ಟ್ ಆಗುವಾಗ ಮೋಟರ್ ಹಲವು ಪಟ್ಟು ಎಳೆಯುತ್ತೆ.

ಆಮೇಲೆ ಪಂಪಿನ ಲೈನಿಗೆ ಕರೆಂಟ್ ಸೋರಿದ್ರೆ ತಕ್ಷಣ ಲೈನ್ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ. ಇದರಲ್ಲಿ ಮಾತ್ರ ಚೌಕಾಸಿ ಬೇಡ. 2025ರ ಮೇ ಮಳೆಯಲ್ಲಿ ಬಿಟಿಎಂ ಲೇಔಟಿನ ಅಪಾರ್ಟ್‌ಮೆಂಟಲ್ಲಿ ಬೇಸ್‌ಮೆಂಟಿನ ನೀರು ಎತ್ತೋಕೆ ಹೋಗಿ ಕರೆಂಟ್ ಹೊಡೆದು ಇಬ್ಬರು ಸತ್ತರು.