ಗೂಳಿ ತಲೆಯ ಮೋಲೆಕ ಬೈಬಲಿನಲ್ಲಿ ಎಲ್ಲಿದ್ದಾನೆ?

ಮಕ್ಕಳ ಬಲಿ ಪಡೆಯುತ್ತಿದ್ದನೆಂದು ಹೇಳುವ ಮೋಲೆಕ ದೇವರದ್ದೆಂದು ಹಂಚುವ ಅದೇ ಚಿತ್ರ ಇವತ್ತು ಮತ್ತೆ ಕಣ್ಣಿಗೆ ಬಿತ್ತು. ಗೂಳಿ ತಲೆ, ಕಂಚಿನ ಮೈ, ಹೊಟ್ಟೆಯಲ್ಲಿ ಬೆಂಕಿ, ಚಾಚಿದ ಕೈಮೇಲೆ ಮಗು. ಕೆಳಗೆ ‘ಯಾಜಕಕಾಂಡ 18:21’. ದಯವಿಟ್ಟು ಆ ವಚನ ತೆಗೆದು ಓದಿ. ನಿನ್ನ ಸಂತಾನದವರನ್ನು ಮೋಲೆಕನಿಗೆ ಕೊಡಬೇಡ, ನಿನ್ನ ದೇವರ ಹೆಸರಿಗೆ ಕಳಂಕ ತರಬೇಡ ಎಂದಿದೆ. ಗೂಳಿಯೂ ಇಲ್ಲ, ಕಂಚೂ ಇಲ್ಲ. ಇಡೀ ಹೀಬ್ರೂ ಧರ್ಮಗ್ರಂಥದಲ್ಲಿ ಮೋಲೆಕನ ವಿಗ್ರಹದ ವರ್ಣನೆಯೇ ಇಲ್ಲ!

ಕೈ ಚಾಚಿದ ಕಂಚಿನ ಮೂರ್ತಿ ಗ್ರೀಕ್ ಇತಿಹಾಸಕಾರ ಡಿಯೊಡೋರಸ್ ಬರೆದದ್ದು, ಅದೂ ಈಗಿನ ಟುನೀಷಿಯಾದಲ್ಲಿರುವ ಕಾರ್ತೇಜ್ ಬಗ್ಗೆ. ಕ್ರಿ.ಪೂ. 310ರಲ್ಲಿ ಶತ್ರುಸೇನೆ ಊರ ಬಾಗಿಲಿಗೆ ಬಂದಾಗ ಮಕ್ಕಳನ್ನು ಬಲಿಕೊಟ್ಟರಂತೆ. ಕ್ರೋನಸ್ (ಕಾರ್ತೇಜಿನವರ ದೇವರಿಗೆ ಗ್ರೀಕರು ಕೊಟ್ಟ ಹೆಸರು) ಮೂರ್ತಿಯ ಕೈಗಳು ನೆಲದತ್ತ ಇಳಿಜಾರಾಗಿದ್ದು, ಮಗು ಉರುಳಿ ಬೆಂಕಿಯ ಕೊಂಡಕ್ಕೆ ಬೀಳುತ್ತಿತ್ತಂತೆ. ಅಲ್ಲೂ ಗೂಳಿ ತಲೆಯಿಲ್ಲ. ಮೋಲೆಕನಿಗೆ ಕರುವಿನ ಮುಖ ಬಂದದ್ದು ಮಧ್ಯಯುಗದ ಯಹೂದಿ ವ್ಯಾಖ್ಯಾನಗಳಲ್ಲಿ.

ಕಲಾವಿದರ ಕಲ್ಪನೆ, ಬಿಟ್ಟುಬಿಡಿ ಅನ್ನುವವರಿದ್ದಾರೆ. ಕಲ್ಪನೆಯ ಕೆಳಗೆ ವಚನದ ಸಂಖ್ಯೆ ಹಾಕಿದ ಮೇಲೆ ಹೇಗೆ ಬಿಡುವುದು?

ಮೋಲೆಕ ದೇವರ ಹೆಸರೇ ಹೌದೋ ಅಲ್ಲವೋ ಅನ್ನುವುದೇ ಇನ್ನೂ ಚರ್ಚೆಯಲ್ಲಿದೆ. ಹಳೆಯ ಹೀಬ್ರೂ ಬರಹದಲ್ಲಿ ಇರುವುದು ಮ-ಲ-ಕ ವ್ಯಂಜನಗಳಷ್ಟೇ. ಬೇರೆ ಸ್ವರ ಸೇರಿಸಿದರೆ ‘ಮೆಲೆಕ್’, ಅಂದರೆ ಅರಸ. ಮೋಲೆಕ ಅನ್ನುವುದು ಬಲಿಯ ಒಂದು ಬಗೆಯ ಹೆಸರು ಎಂದು 1935ರಲ್ಲಿ ಜರ್ಮನ್ ವಿದ್ವಾಂಸ ಓಟೋ ಐಸ್‌ಫೆಲ್ಟ್ ವಾದಿಸಿದ. ಕಾರ್ತೇಜಿನ ಸುತ್ತಮುತ್ತಲ ಶಾಸನಗಳಲ್ಲಿ ಆ ಪದ ಬಲಿಯ ಹೆಸರಾಗಿಯೇ ಬರುತ್ತದೆ. ಅಲ್ಜೀರಿಯಾದ ನ್ಗೌಸ್‌ನ ಲ್ಯಾಟಿನ್ ಕಲ್ಲುಗಳಲ್ಲಿ ‘ಪ್ರಾಣಕ್ಕೆ ಪ್ರಾಣ, ರಕ್ತಕ್ಕೆ ರಕ್ತ’ ಎಂದು ಕೆತ್ತಿ, ಬದಲಿಗೆ ಕುರಿಮರಿ ಕೊಟ್ಟದ್ದನ್ನು ನಮೂದಿಸಿದ್ದಾರೆ. ಆದರೂ ಯಾಜಕಕಾಂಡ 20:5ರಲ್ಲಿ ಮೋಲೆಕನ ಹಿಂದೆ ಹೋಗುವವರ ಮಾತು ಬರುತ್ತದೆ. ಬಲಿಯ ಹಿಂದೆ ಯಾರಾದರೂ ಹೋಗುತ್ತಾರೆಯೇ? ಅಲ್ಲಿ ದೇವರೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ನನಗೆ ಸಂಕಟವಾಗುವುದು ಬೇರೆಯದಕ್ಕೆ. ಆ ಗೂಳಿ ತಲೆ ಎಲ್ಲವನ್ನೂ ಪರದೇಶದ ರಾಕ್ಷಸನ ಮೇಲೆ ಹೊರಿಸುತ್ತದೆ. ಮಕ್ಕಳನ್ನು ಸುಡುತ್ತಿದ್ದ ಜಾಗವಾದ ತೋಫೆತ್ ಇದ್ದದ್ದು ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯಲ್ಲಿ. ಮಗನನ್ನು ಬೆಂಕಿ ದಾಟಿಸಿದವರಲ್ಲಿ ಆಹಾಜ, ಮನಸ್ಸೆ, ಇಬ್ಬರೂ ಯೆಹೂದದ ಅರಸರೇ. ಮಕ್ಕಳನ್ನು ಕೊಂದ ದಿನವೇ ನನ್ನ ಆಲಯಕ್ಕೂ ಬಂದರು ಎಂದು ಯೆಹೆಜ್ಕೇಲ 23:39ರಲ್ಲಿ ದೇವರು ನೋಯುತ್ತಾನೆ. ಪ್ರವಾದಿ ಯೆರೆಮೀಯನ ಗ್ರಂಥದಲ್ಲಿ ಮೂರು ಕಡೆ ಒಂದೇ ಮಾತು: ನಾನು ಆಜ್ಞಾಪಿಸಲಿಲ್ಲ, ನನ್ನ ಮನಸ್ಸಿಗೂ ಬರಲಿಲ್ಲ. ಇಷ್ಟು ಸಲ ಹೇಳಬೇಕಾಯಿತೆಂದರೆ, ಯೆಹೋವನೇ ಕೇಳಿದ್ದಾನೆಂದು ನಂಬಿ ಮಗುವನ್ನು ಎತ್ತಿಕೊಂಡು ಆ ಕಣಿವೆಗೆ ಇಳಿದವರು ಇದ್ದಿರಬೇಕು.

ಚಿತ್ರ ಹಂಚಲೇಬೇಕಾದರೆ ಅದರ ಕೆಳಗೆ ಡಿಯೊಡೋರಸ್ ಎಂದು ಬರೆಯಿರಿ. ಬೈಬಲಿನ ವಚನವೇ ಬೇಕಾದರೆ 2 ಅರಸುಗಳು 16:3 ಹಾಕಿ. ಆಹಾಜನ ಹೆಸರು ಇರಲಿ.